ಟು ಮೈ ಅರ್ಸ್ಟ್‌ವೈಲ್ ಫ್ರೆಂಡ್

ಕಳೆದ ವಾರ ನನ್ನನ್ನು ಗೆಳೆತನದಿಂದ ಡಿಸ್‌ಮಿಸ್ ಮಾಡಲಾಯಿತು. ಅದೂ ಮದುವೆ ಕಾಗದದ ಕವರಿನ ಮೇಲೆ, ಇಂಗ್ಲಿಷಿನಲ್ಲಿ.

ತಲ್ಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಂಜೀವ ಮತ್ತು ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನ ಮಗಳ ಮದುವೆ ಕಾಗದ ಪೋಸ್ಟಿನಲ್ಲಿ ಬಂತು. ಮೇಲೆ ಅವನದೇ ಅಕ್ಷರ: ‘ಟು ಮೈ ಅರ್ಸ್ಟ್‌ವೈಲ್ ಫ್ರೆಂಡ್’.

ಅರ್ಸ್ಟ್‌ವೈಲ್ ಎಂದರೇನು? ಹಿಂದೆ ಇದ್ದ, ಈಗ ಇಲ್ಲದ. ಆದರೆ ನಮ್ಮ ಕಡೆ ಸನ್ಮಾನಪತ್ರ ಬರೆಯುವವರು ಅದನ್ನು ‘ಗೌರವಾನ್ವಿತ’ ಎಂದೇ ನಂಬಿದ್ದಾರೆ. ಇನ್ನೂ ನಾಲ್ಕು ವರ್ಷ ಸರ್ವಿಸ್ ಇದ್ದ ಹೆಡ್‌ಮಾಸ್ಟರೊಬ್ಬರಿಗೆ ‘ಅರ್ಸ್ಟ್‌ವೈಲ್ ಹೆಡ್‌ಮಾಸ್ಟರ್’ ಎಂದು ಶಾಲು ಹೊದೆಸಿದ್ದನ್ನು ನಾನೇ ನೋಡಿದ್ದೇನೆ. (ಮರುದಿನವೂ ಅವರು ಶಾಲೆಗೆ ಬಂದರು, ಪಾಪ.)

ಸಂಜೀವನೂ ಹಾಗೇ ಎಡವಿರಬೇಕು. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಸುಮ್ಮನಿರಲಾದೀತೇ? ಉಳಿದ ಕವರುಗಳಾದರೂ ಸರಿಯಾಗಲಿ ಎಂದು ಕೋಟದಿಂದ ಬಸ್ ಹತ್ತಿದೆ. ಕಿಸೆಯಲ್ಲಿ ಕೆಂಪು ಪೆನ್ನಿತ್ತು.

ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಸಂಜೀವ ಸ್ಟೂಲು ತೋರಿಸಿ, “ಬನಿ, ಕೂಕಣಿ,” ಎಂದ.

ಬಹುವಚನ! ಚಡ್ಡಿ ಹಾಕುವ ಕಾಲದಿಂದ ಒಮ್ಮೆಯೂ ನನಗೆ ಕೊಟ್ಟಿರದ ಮರ್ಯಾದೆ. ಆದರೂ ಶಬ್ದದ ಅರ್ಥವನ್ನು ಬಿಡಿಸಿ ಹೇಳಿದೆ. ಅವನು ಮೊಳೆ ತೂಗುತ್ತಲೇ ಕೇಳಿಸಿಕೊಂಡ.

“ಗೊತ್ತಿತ್ತ್. ಡಿಕ್ಷನರಿ ಕಂಡೇ ಬರ್ದದ್ದ್. ನಿಮಗೊಬ್ರಿಗೇ.”

“ಎಂತಕ್ಕಾ?”

“ಅಮ್ಮ ತೀರಿ ಹೋಪತಿಗೆ ನೀವ್ ಎಂತ ಮಾಡಿದ್ರಿ?”

ಎಸ್ಸೆಮ್ಮೆಸ್ ಮಾಡಿದ್ದೆ. ‘ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್’. ಸ್ಪೆಲಿಂಗ್ ತಪ್ಪಿರಲಿಲ್ಲ.

ನಮ್ಮಲ್ಲಿ ಮದುವೆಗೆ ಮನೆಗೇ ಬಂದು ಬಾಯಾರೆ ಕರೆಯಬೇಕು, ಅದಕ್ಕೆ ‘ಹೇಳಿಕೆ’ ಎನ್ನುತ್ತೇವೆ. ಸಾವಿಗೆ ಯಾರೂ ಹೇಳಬೇಕಾಗಿಲ್ಲ, ನಾವೇ ಹೋಗಬೇಕು. ನಾನು ಹೋಗಿರಲಿಲ್ಲ. ಪರೀಕ್ಷೆಯ ಪೇಪರ್ ತಿದ್ದುವುದಿತ್ತು ಎಂಬುದು ನೆಪ. ಶನಿವಾರ ಶಾಲೆ ಬಿಟ್ಟರೆ ನನಗೂ ಅವನಿಗೂ ಒಟ್ಟಿಗೆ ಗಂಜಿ ಬಡಿಸುತ್ತಿದ್ದ ಅಮ್ಮ ಅವರು. ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಅಂಗಡಿಯ ಹಿಂದೆಯೇ ಮನೆ. ಕೇಳದೆ ಒಳಗೆ ಹೋದೆ. ಗೋಡೆಯ ಮೇಲಿನ ಫೋಟೋಗೆ ಕೈ ಮುಗಿದೆ. ಎರಡು ವರ್ಷ ತಡವಾಗಿ ಅಳು ಬಂತು.

ಹೊರಗೆ ಬಂದಾಗ ಸಂಜೀವ ತಕ್ಕಡಿ ಕೆಳಗಿಟ್ಟಿದ್ದ. ನನ್ನ ಮುಖ ನೋಡಿದ.

“ಮಗಳ್ ಮದಿಗೆ ಬತ್ಯಾ?”

ಏಕವಚನ. ಹೇಳಿಕೆ ಆಯಿತು.

ಕೆಂಪು ಪೆನ್ನನ್ನು ಹೊರಗೆ ತೆಗೆಯಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದೇನೆ. ಅರ್ಸ್ಟ್‌ವೈಲ್ ಎಂಬ ಶಬ್ದವನ್ನು ಅಷ್ಟು ಸರಿಯಾಗಿ ಬಳಸಿದವರನ್ನು ನಾನು ಕಂಡದ್ದು ಅದೊಂದೇ ಸಲ.