ಹೀಟ್ ಇಲ್ಲದ ಕಟ್ಟಡದ ಹಾಡು

ನನ್ನ ಮಗಳು ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಂಗೀತದ ಟೀಚರ್. ಕೆಲಸ ಇನ್ನೂ ಖಾಯಂ ಆಗಿಲ್ಲ. ವಸಂತ ಬಂತೆಂದರೆ ಕಾಂಟ್ರ್ಯಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯಬೇಕು. ಅವಳು ನಿರುಮ್ಮಳವಾಗಿರುತ್ತಾಳೆ, ನ್ಯೂಯಾರ್ಕಿನ ಆಚೆ ಹಿಕ್ಸ್‌ವಿಲ್ಲಿನಲ್ಲಿ ಕೂತು ಕಾಯುವವಳು ನಾನು.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಡಿಗೆಕಟ್ಟೆಯ ಮೇಲೆ ಸಣ್ಣ ಸ್ಪೀಕರ್ ಇಟ್ಟು ಒಂದು ಹಿಪ್-ಹಾಪ್ ಹಾಡು ಹಾಕಿದಳು.

"ಇದು ಹಾಡೇನವಾ? ಬರೇ ಬಡಬಡ ಮಾತಾಡ್ಲಿಕ್ಕತ್ತಾನ" ಅಂದೆ.

"ವೇಟ್, ಅಮ್ಮಾ. ಈಗ ಇದರ ಕೆಳಗಿರೋದನ್ನ ಕೇಳು."

ಆಮೇಲೆ ಹಾಕಿದ್ದು ಅಮೆರಿಕದ ಕಪ್ಪು ಜನರ ಹಳೆಯ ಸೋಲ್ ಹಾಡು, ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಡ್ರಮ್ಮು, ಬೇಸ್ ಎರಡೂ ಅವೇ! ಅವುಗಳ ಮೇಲೆ ಒಬ್ಬ ಹೆಂಗಸಿನ ದನಿ. ಯುದ್ಧದಿಂದ ಬಂದ ಮಗನಿಗೆ ಕೆಲಸವಿಲ್ಲ, ಮನೆ ಬೆಚ್ಚಗಿಡುವ ಹೀಟ್ ಇಲ್ಲ, ಒಲೆ ಹಚ್ಚಿ ಅದರ ಮುಂದೆ ಕೂತಿದ್ದೇವೆ ಎಂದು ಹಾಡುತ್ತಿದ್ದಳು. ಆದರೆ ಕಾಲು ತಾನಾಗಿ ಕುಣಿಯುವಂಥ ನಡೆ. ನ್ಯೂಯಾರ್ಕಿನ ಬಡ ಬಡಾವಣೆ ಬ್ರಾಂಕ್ಸಿನ ಮಕ್ಕಳು ಅಪ್ಪ ಅಮ್ಮಂದಿರ ಇಂಥ ಸೋಲ್, ಫಂಕ್ ಡಿಸ್ಕುಗಳನ್ನೇ ತಿರುಗಿಸಿ ತಿರುಗಿಸಿ ಹಿಪ್-ಹಾಪ್ ಕಟ್ಟಿದರು, ತಾಳದ ಜೊತೆಗೆ ಆ ಸಂಕಟವೂ ಇಳಿದು ಬಂತು ಎಂದು ಮಗಳು ವಿವರಿಸಿದಳು. ಮರುದಿನದ ಪಾಠವನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

"ಒಲಿ ಹಚ್ಚಿ ಕೂಡೋದು ನನಗ ಗೊತ್ತದ" ಎಂದು ನನ್ನ ಬಾಯಿಂದ ಹೊರಟೇಬಿಟ್ಟಿತು. ಅವಳು ಹೊಟ್ಟೆಯಲ್ಲಿದ್ದಾಗಿನ ಚಳಿಗಾಲ; ಆಗ ನಾವು ನ್ಯೂಯಾರ್ಕ್ ಸಿಟಿಯ ಜ್ಯಾಕ್ಸನ್ ಹೈಟ್ಸ್‌ನಲ್ಲಿದ್ದೆವು. ಕಟ್ಟಡದ ಹೀಟ್ ಕೆಟ್ಟು ಓನರ್ ಫೋನ್ ಎತ್ತದಾಗ ಮೇಲಿನ ಮನೆಯ ಹೆಂಗಸೊಬ್ಬಳು ಎಲ್ಲ ಮನೆಗಳಿಗೂ ಬಿಸಿ ಒಯ್ಯುವ ಪೈಪನ್ನು ಚಮಚದಿಂದ ಬಾರಿಸತೊಡಗಿದಳು. ಕೆಳಗಿನವರು ಬಾರಿಸಿದರು. ನಾನೂ ಸೌಟು ತೆಗೆದುಕೊಂಡೆ. ಎಲ್ಲ ಮನೆಗಳಿಂದಲೂ ಒಂದೇ ತಾಳ.

"ಯೂ ನೆವರ್ ಟೋಲ್ಡ್ ಮಿ ದಿಸ್!" ಅಂದಳು ಮಗಳು.

ಆ ವಾರ ಅವಳು ನನ್ನ ಕಥೆಯನ್ನು ಕ್ಲಾಸಿನಲ್ಲಿ ಹೇಳಿ, ನಿಮ್ಮ ನಿಮ್ಮ ಮನೆಯ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂದಳು. ಅಜ್ಜಿಯ ಜೊತೆ ಇದ್ದ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದವಳು, ತಮ್ಮ ಕಟ್ಟಡದ ಬಗ್ಗೆ ಬರೆದಳು. ಕೋಟು ಹಾಕಿಕೊಂಡೇ ಮಲಗುತ್ತೇವೆ, ಓನರನ ಮನೆಯ ತುಂಬಾ ಮಾತ್ರ ದೀಪ ಎಂದು ತಾಳಕ್ಕೆ ಸರಿಯಾಗಿ ಹೇಳಿದಳು. ಯಾರೋ ಫೋನಿನಲ್ಲಿ ವಿಡಿಯೋ ಮಾಡಿ ಹಂಚಿದರು. ಅವಳು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಊರು ಸಣ್ಣದು. ಓನರನ ಮಗಳೂ ಅದೇ ಶಾಲೆಯವಳು.

"ಅಮ್ಮಾ, ಡೋಂಟ್ ಪ್ಯಾನಿಕ್" ಎಂದು ಮಗಳ ಫೋನ್ ಬಂತು. ಟೀಚರ್ ಮಕ್ಕಳನ್ನು ಎತ್ತಿಕಟ್ಟುತ್ತಿದ್ದಾಳೆ ಎಂಬ ದೂರು ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡಿನ ಮುಂದೆ ಬರಲಿತ್ತು.

"ಒಮ್ಮೆ ಸಾರಿ ಅಂದುಬಿಡವಾ" ಅಂದೆ.

"ಫಾರ್ ವಾಟ್?"

ಗ್ರೀನ್ ಕಾರ್ಡ್ ಬರುವ ತನಕ ನಾವು ಪಾರ್ಕಿಂಗ್ ಟಿಕೆಟ್ಟಿಗೂ ಹೆದರಿದವರು. ಪೊಲೀಸ್ ಕಾರು ಹಿಂದೆ ಬಂದರೆ ನನ್ನ ಗಂಡ ರೇಡಿಯೋ ಆರಿಸಿ ನೆಟ್ಟಗೆ ಕೂರುತ್ತಿದ್ದರು. ಇಲ್ಲೇ ಹುಟ್ಟಿದ ಮಗಳಿಗೆ ಆ ಹೆದರಿಕೆ ಹತ್ತಿಲ್ಲ. ಅದಕ್ಕೆ ಹಿಗ್ಗುತ್ತೇನೆ, ಅವಳ ಪಾಲಿನದನ್ನೂ ನಾನೇ ಹೆದರುತ್ತೇನೆ.

ಮೀಟಿಂಗ್ ದಿನ ಲ್ಯಾಬಿನ ಕೆಲಸದಿಂದ ಬೇಗ ಹೊರಟು ಡ್ರೈವ್ ಮಾಡಿಕೊಂಡು ಹೋದೆ. ಸೇತುವೆಯ ಮೇಲೆ ಟ್ರಾಫಿಕ್ ನಿಂತಾಗ ಗಡಿಯಾರ ನೋಡುತ್ತಲೇ ಇದ್ದೆ. ಆ ಊರಿನವರಿಗೆ ಮಾತ್ರ ಮಾತಾಡಲು ಅವಕಾಶ. ನಾನು ಹಿಂದಿನ ಸಾಲಿನಲ್ಲಿ ಕೂತೆ.

ಮೊದಲು ಎದ್ದ ಒಬ್ಬ ತಂದೆ, "ಮಕ್ಕಳಿಗೆ ಸಂಗೀತ ಕಲಿಸಲಿ, ಬಹಳ ಒಳ್ಳೆಯದು. ರಾಜಕೀಯ ಯಾಕೆ?" ಅಂದರು. ಅದನ್ನು ಎಷ್ಟು ಮೆತ್ತಗೆ ಹೇಳಿದರೆಂದರೆ, ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಸುತ್ತಲೂ ಹೌದೆಂಬಂತೆ ತಲೆಗಳು ಆಡಿದವು.

ಆಮೇಲೆ ಆ ಹುಡುಗಿಯ ಅಜ್ಜಿ ಎದ್ದರು. ಎತ್ತರದ ಕಪ್ಪು ಹೆಂಗಸು, ಒಳಗೆ ಬೆಚ್ಚಗಿದ್ದರೂ ಕೋಟು ತೆಗೆದಿರಲಿಲ್ಲ. "ಆ ಹಾಡುಗಳು ಬಂದಾಗ ನಾನು ನನ್ನ ಮೊಮ್ಮಗಳಷ್ಟೇ ಇದ್ದೆ. ನಾವು ಅವಕ್ಕೆ ಕುಣೀತಿದ್ವಿ. ಕುಣಿಯೋದಕ್ಕೇ ಮಾಡಿದ್ದು. ಕುಣೀತಾ ಇದ್ದಾಗಲೇ ಮಾತು ಕಿವಿಗೆ ಬೀಳೋದು, ಓ, ಇದು ನಮ್ಮ ಮನೆ ವಿಷಯ ಅಂತ. ನನ್ನ ಮೊಮ್ಮಗಳು ಸುಳ್ಳು ಬರೆದಿದ್ದರೆ ಹೇಳಿ. ಆದರೆ ಮೊದಲು ನಮ್ಮ ಮನೆಗೆ ಬಂದು ಸ್ವಲ್ಪ ಹೊತ್ತು ಕೂತು ಹೋಗಿ."

ಕೊನೆಗೆ ಬೋರ್ಡಿನವರು ನಡುದಾರಿ ಹಿಡಿದರು. ಪಾಠ ಇರಲಿ, ಮಕ್ಕಳು ತಮ್ಮ ಸಾಲುಗಳನ್ನು ಹಾಡಬೇಕಿದ್ದ ಚಳಿಗಾಲದ ಕಾನ್ಸರ್ಟೂ ಇರಲಿ. ಆದರೆ ಹಾಡುಗಳ ಸಾಹಿತ್ಯವನ್ನು ಪ್ರಿನ್ಸಿಪಾಲರು ಮೊದಲೇ ನೋಡಬೇಕು, ಕಟ್ಟಡದ ಸಾಲುಗಳು ಬೇಡ.

"ಮುಗೀತಲ್ಲವಾ, ಸಾಕು" ಅಂದೆ ಪಾರ್ಕಿಂಗ್ ಲಾಟಿನಲ್ಲಿ.

"ಏನೂ ಮುಗಿದಿಲ್ಲ, ಅಮ್ಮಾ. ಆ ಹುಡುಗಿಗೆ ನಾನು ಏನಂತ ಹೇಳಲಿ?" ಅವಳ ಕಣ್ಣು ತುಂಬಿತ್ತು. ಬೋರ್ಡಿನವರ ಮುಂದೆ ತುಂಬಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಹುಡುಗಿ ಯೋಚಿಸಿ, "ಆ ಜಾಗ ಖಾಲಿ ಬಿಡಬಹುದಾ?" ಎಂದು ಕೇಳಿದಳಂತೆ.

ಕಾನ್ಸರ್ಟಿಗೂ ಹೋದೆ. ಮಗಳ ಕೋಟು ನನ್ನ ತೊಡೆಯ ಮೇಲಿತ್ತು, ಅದನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದೆ. ಹುಡುಗಿ ಸ್ಟೇಜಿಗೆ ಬಂದಳು. ಅಜ್ಜಿಯ ಬಗ್ಗೆ, ಬೆಳಗಿನ ಬಸ್ಸಿನ ಬಗ್ಗೆ ಹೇಳಿದಳು. ತೆಗೆದುಹಾಕಿದ ಸಾಲುಗಳ ಜಾಗ ಬಂದಾಗ ಬೇಸ್, ಕೀಬೋರ್ಡ್ ಎಲ್ಲ ನಿಂತು ಡ್ರಮ್ ಒಂದೇ ಉಳಿಯಿತು. ಇದಕ್ಕೆ ಬ್ರೇಕ್ ಅನ್ನುತ್ತಾರಂತೆ; ಹಳೆಯ ಫಂಕ್ ಡಿಸ್ಕುಗಳ ಈ ತುಣುಕನ್ನೇ ಎಳೆದು ಎಳೆದು ಹಿಪ್-ಹಾಪ್ ಹುಟ್ಟಿದ್ದಂತೆ. ಹುಡುಗಿ ಮೈಕನ್ನು ಬಾಯಿಯ ಹತ್ತಿರವೇ ಹಿಡಿದು, ತುಟಿ ಮುಚ್ಚಿ ನಿಂತಳು. ವಿಡಿಯೋ ಎಲ್ಲರೂ ನೋಡಿದ್ದರು. ಅಲ್ಲಿ ಏನಿರಬೇಕಿತ್ತೆಂದು ತಿಳಿಯದವರು ಆ ಹಾಲಿನಲ್ಲಿ ಇರಲಿಲ್ಲ.

ನಾನು ಪ್ರಿನ್ಸಿಪಾಲರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹಿಂದಿನಿಂದ ಯಾರೋ ತಾಳಕ್ಕೆ ಚಪ್ಪಾಳೆ ಹಾಕಿದರು, ಆಮೇಲೆ ಇನ್ನಷ್ಟು ಜನ. ಅಜ್ಜಿ ಚಪ್ಪಾಳೆ ಹಾಕಲಿಲ್ಲ. ಮೊಮ್ಮಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ನಾನು ಅಕ್ಕಪಕ್ಕ ನೋಡಿ, ಆಮೇಲೆ ಚಪ್ಪಾಳೆಗೆ ಕೈ ಎತ್ತಿದೆ. ಬೆರಳುಗಳು ತಣ್ಣಗಿದ್ದವು.

ಪ್ರಿನ್ಸಿಪಾಲರು ಆ ರಾತ್ರಿಯೇ ಮಗಳನ್ನು ಕರೆದು ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ವಾರಗಟ್ಟಲೆ ಅನ್ನಲಿಲ್ಲ, ಅದೇ ಹೆಚ್ಚು ಹಿಂಸೆಯಾಯಿತು. ಚಳಿ ಮುಗಿಯುತ್ತಾ ಬಂದಾಗ ಹುಡುಗಿಯ ಕಟ್ಟಡಕ್ಕೆ, ಹೀಟ್ ಕೊಡುವ ಬಾಯ್ಲರ್ ರಿಪೇರಿಯವರು ಬಂದರಂತೆ. ಯಾಕೆ ಬಂದರೆಂದು ಯಾರಿಗೂ ಗೊತ್ತಿಲ್ಲ. ಮಗಳ ಕಾಂಟ್ರ್ಯಾಕ್ಟ್ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಆ ಹುಡುಗಿ ಈಗ ಬೇಸ್ ಕಲಿಯುತ್ತಿದ್ದಾಳೆ. ಹೊಸ ಕ್ಲಾಸಿಗೂ ಅದೇ ಪಾಠ ಮಾಡುತ್ತೇನೆ ಎಂದು ಮಗಳು ಹೇಳಿದಾಗ ನಾನು ಬೇಡ ಅನ್ನಲಿಲ್ಲ. ಆ ದಿನ ಫೋನ್ ಹತ್ತಿರ ಇಟ್ಟುಕೊಂಡಿರಬೇಕಲ್ಲ, ಯಾವ ದಿನ ಮಾಡುತ್ತೀ ಎಂದು ಮಾತ್ರ ಕೇಳಿಟ್ಟುಕೊಂಡೆ.