ಏಳದ ಗಿರಾಕಿ

ಠಾಣೆ ಶಹರದ ಹಳೇ ಉಡುಪಿ ಹೋಟೆಲೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ನೋಡಿದಿರೇನ್ರೋ? ಎಪ್ಪತ್ತರ ದಶಕದಲ್ಲಿ ಹೇಗಿತ್ತೋ ಹಾಗೇ ಉಳಿಸಿದ್ದಾರೆ: ಕಲ್ಲಿನ ಮೇಜು, ಗರಗರ ಪಂಖಾ, ಮೂಲೆಯಲ್ಲಿ ಬೆಲ್‌ಬಾಟಮ್ ತೊಟ್ಟು ಇಡ್ಲಿ ತಿನ್ನುವ ಗಿರಾಕಿಯ ಗೊಂಬೆ.

ಇವತ್ತು ಮಾವನನ್ನು ಕರೆದೊಯ್ದೆ. ವಿಜಯಪುರದಿಂದ ಬಂದು ಪಕ್ಕದ ಕಳವಾ ಊರಿನಲ್ಲಿ ಬಾಡಿಗೆ ಖೋಲಿ ಹಿಡಿದಿದ್ದ ಕಾಲದಲ್ಲಿ, ಫ್ಯಾಕ್ಟರಿ ಪಾಳಿ ಮುಗಿಸಿ ಅವರು ನಾಷ್ಟಾ ಮಾಡುತ್ತಿದ್ದದ್ದು ಇಲ್ಲೇ. ಆಗಿನ ಗದ್ದಲದಲ್ಲಿ, ತಿನ್ನುವವನ ಕುರ್ಚಿಯ ಹಿಂದೆ ಯಾರು ನಿಲ್ಲುತ್ತಾರೋ ಮುಂದೆ ಆ ಜಾಗ ಅವರದು. ಮಾವ ಒಳಹೊಕ್ಕವರೇ ನೇರ ಗೊಂಬೆಯ ಬೆನ್ನಹಿಂದೆ ನಿಂತುಬಿಟ್ಟರು.

“ಬರ್ರಿ ಮಾವಾ, ಒಳಗ ಇನ್ನೂ ನೋಡೂದೈತಿ.”

“ನೀ ಸುಮ್ನಿರವಾ, ಜಾಗಾ ಹೋಗ್ತೈತಿ.”

ಕಾವಲಿನ ಹುಡುಗಿ ಓಡಿ ಬಂದು, ಅದು ಗೊಂಬೆ ಎಂದು ಮರಾಠಿಯಲ್ಲಿ ಕೂಗಿದಳು: “ಕಾಕಾ, ತೋ ಪುತಳಾ ಆಹೇ!”

“ಗೊತ್ತೈತಿ,” ಎಂದರು ಮಾವ. “ಆವಾಗಿನವ್ರೂ ಹಿಂಗ ಕುಂತ್ರ ಏಳ್ತಿದ್ದಿಲ್ಲ.”

ಅಷ್ಟರಲ್ಲಿ ಯಾರೋ ಇನ್ನೊಬ್ಬ ಅಜ್ಜ ಬಂದು ಅದೇ ಕುರ್ಚಿಯ ಮೇಲೆ ಕೈಯಿಟ್ಟರು. ಸರದಿ ತಮ್ಮದೆಂದು ಮಾವ ಮರಾಠಿಯಲ್ಲೇ ಜಗಳ ತೆಗೆದರು: “ಅಹೋ, ನಂಬರ್ ಮಾಝಾ ಆಹೇ!”

ಆ ಅಜ್ಜ ಪಕ್ಕಾ ಕರಾವಳಿಯವರು. “ಎಂಥ ಮಾರಾಯ್ರೆ, ಒಂದು ಚಾ ಕುಡ್ದು ಎದ್ದು ಹೋಗ್ತೇನೆ.”

ಮ್ಯೂಸಿಯಂನವರು ತಟ್ಟೆ, ಪಂಖಾ, ಗಿರಾಕಿ ಎಲ್ಲ ಇಟ್ಟು, ಹಿಂದೆ ನಿಂತು ಕಾಯುವವರನ್ನು ಮರೆತಿದ್ದರು. ಈಗ ಇಬ್ಬರು ಪುಕ್ಕಟೆ ಸಿಕ್ಕಿದ್ದಾರೆ. ಕರೆದರೂ ಮನೆಗೆ ಬರುತ್ತಿಲ್ಲ.