ಸುಂಕದವರ ಮುಂದೆ ಅವರೆಕಾಯಿ

ಊರಿಗೆ ನೆಂಟರು ಬಂದು ಬಸ್ಸಿಳಿದರೆ ಮಕ್ಕಳು ಮೊದಲು ನೋಡುವುದು ಅವರ ಮುಖವನ್ನಲ್ಲ, ಕೈಚೀಲವನ್ನು. ‘ಏನು ತಂದಿದ್ದೀರಿ?’ ಎಂಬ ಈ ಸನಾತನ ಪ್ರಶ್ನೆಯನ್ನೇ ಸಮವಸ್ತ್ರ ತೊಟ್ಟು ಗಂಭೀರವಾಗಿ ಕೇಳುವವರನ್ನು ಸುಂಕದ ಅಧಿಕಾರಿಗಳೆನ್ನುತ್ತಾರೆಂಬ ಜ್ಞಾನೋದಯ ನನಗಾದದ್ದು ಶ್ರೀಲಂಕಾದ ಬಂದರಿನಲ್ಲಿ, ಓಲಾಡುವ ದೋಣಿಯ ಮೇಲೆ, ಹೊಟ್ಟೆ ತೊಳಸುತ್ತಿದ್ದಾಗ.

ದೇವನಹಳ್ಳಿ ಪಕ್ಕದ ವಿಜಯಪುರದವನಾದ ನನ್ನ ನೆತ್ತಿಯ ಮೇಲೆ ದಿನವಿಡೀ ವಿಮಾನಗಳು ಹಾರುತ್ತವೆ. ಅವನ್ನೆಲ್ಲ ಬಿಟ್ಟು, ಕೆರೆಯಲ್ಲೂ ಮೊಣಕಾಲಿನಾಚೆ ಇಳಿಯದ ನಾನು ಕೊಚ್ಚಿಯಲ್ಲಿ ಹಾಯಿದೋಣಿ ಹತ್ತಿದ್ದು ಹೆಂಡತಿ ಸುಭದ್ರೆಯ ಅಣ್ಣನಿಂದಾಗಿ. ನೌಕಾಪಡೆಯಿಂದ ನಿವೃತ್ತರಾದ ಭಾವನವರಿಗೆ ಸ್ವಂತ ದೋಣಿಯಿದೆ. ಶ್ರೀಲಂಕಾದಲ್ಲಿರುವ ಮಗಳನ್ನು ಅದರಲ್ಲೇ ಹೋಗಿ ನೋಡಬೇಕೆಂಬ ಹಟವೂ ಇತ್ತು. ಮಗಳು ಚೈತ್ರ ತುಂಬು ಬಸುರಿ. ತಾಯಿಯಿಲ್ಲದ ಹುಡುಗಿ ಫೋನಿನಲ್ಲಿ ಅತ್ತೆ ಸುಭದ್ರೆಯ ಹತ್ತಿರ ಬೇಡಿಕೊಂಡದ್ದು ಒಂದನ್ನೇ: ನಮ್ಮ ಕಡೆಯ ಸೊಗಡಿನ ಅವರೆಕಾಯಿ ಸಾರು, ಮುದ್ದೆ. ಸುಭದ್ರೆ ಚೀಲ ಬಿರಿಯುವಷ್ಟು ಅವರೆಕಾಯಿ ತುಂಬಿಕೊಂಡು ಹೊರಟಳು.

ಬಂದರು ಮುಟ್ಟಿದೊಡನೆ ಭಾವ ಹಳದಿ ಬಾವುಟ ಏರಿಸಿದರು. ತಪಾಸಣೆ ಮುಗಿಯುವ ತನಕ ಯಾರೂ ಇಳಿಯುವಂತಿಲ್ಲ, ಹತ್ತುವಂತಿಲ್ಲ ಎಂಬುದು ಅದರ ಅರ್ಥ. ಕಟ್ಟೆಯ ಮೇಲೆ ನಿಂತು ಚೈತ್ರ ಕೈಬೀಸುತ್ತಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ, ಮುಟ್ಟಲಾಗದಷ್ಟು ದೂರ.

ಬಂದ ಅಧಿಕಾರಿಣಿ ತಮಿಳರು. ಹೊಸಕೋಟೆಯ ತವರಿನಲ್ಲಿ ಕಲಿತ ತಮಿಳಿನಲ್ಲಿ ಸುಭದ್ರೆ ಚೀಲ ಬಿಚ್ಚಿ ಎಲ್ಲವನ್ನೂ ತೋರಿಸಿದಳು. ಆಕೆ ಒಂದು ಕಾಯಿ ಮೂಸಿ, ತಲೆಯಾಡಿಸಿದರು. ಹಸಿ ಕಾಯಿಯನ್ನು ದಡಕ್ಕೆ ಇಳಿಸುವಂತಿಲ್ಲ. ಅದರ ಜೊತೆ ಹುಳು, ಬೆಳೆಯ ರೋಗಗಳು ಬರುತ್ತವೆ. ದೋಣಿಯಲ್ಲೇ ತಿಂದು ಮುಗಿಸಬೇಕು, ಇಲ್ಲವೇ ನಾಶಪಡಿಸಬೇಕು.

ಸುಭದ್ರೆಯ ಕಣ್ಣು ತುಂಬಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆಯನ್ನು ನಾನು ಮೆಲ್ಲಗೆ ನೆನಪಿಸಿದೆ.

“ನೀವು ಸುಮ್ನಿರಿ,” ಎಂದಳು. “ಕಾಯಿ ಇಳೀಬಾರ್ದು ಅಂದ್ರೆ ಬೇಡ ಬಿಡಿ. ತಪಾಸಣೆ ಆದ್ಮೇಲೆ ನಮ್ ಹುಡುಗಿ ಹತ್ಬೋದಲ್ವಾ? ದೋಣಿ ನಿಂದು, ನೀನೇ ಕೇಳಣ್ಣ!”

ಭಾವ ಕೇಳಿದರು. ಅಧಿಕಾರಿಣಿ ಕ್ಷಣ ಯೋಚಿಸಿ ನಕ್ಕುಬಿಟ್ಟರು. ಮನುಷ್ಯರು ಹತ್ತಲು ಅಡ್ಡಿಯಿಲ್ಲವಂತೆ. ಸಿಪ್ಪೆ ಮಾತ್ರ ಹೊರಗೆ ಹೋಗಬಾರದಂತೆ. ಮುದ್ರೆ ಬಿತ್ತು, ಹಳದಿ ಬಾವುಟ ಇಳಿಯಿತು. ಗಂಡನ ಕೈ ಹಿಡಿದು ಚೈತ್ರ ಹತ್ತಿ ಬಂದು ಅತ್ತೆಯ ಕೊರಳಿಗೆ ಬಿದ್ದಳು.

ಕಡಲಿನ ತೊಟ್ಟಿಲಲ್ಲಿ ಸಾರು ಕುದಿಯಿತು. ಹೊಟ್ಟೆ ತೊಳಸುವುದನ್ನು ಮರೆತು ನಾನು ಕಾಯಿ ಸುಲಿದೆ. ಭಾವ ಪಾತ್ರೆ ಜಾರದಂತೆ ಹಿಡಿದು ನಿಂತರು. ಮುದ್ದೆಯ ಮೊದಲ ತುತ್ತು ನುಂಗಿದ ಚೈತ್ರ ಇದ್ದಕ್ಕಿದ್ದಂತೆ ಹೊಟ್ಟೆ ಮೇಲೆ ಕೈಯಿಟ್ಟುಕೊಂಡಳು. ಎಲ್ಲರೂ ಗಾಬರಿಯಾದೆವು.

“ಏನಮ್ಮಾ, ಏನಾಯ್ತು?”

“ಒದೀತಾ ಇದೆ ಅತ್ತೆ! ಇನ್ನೊಂಚೂರು ಸಾರು ಬಿಡಿ, ಬೇಗ!”